ಒಬ್ಬ ರೋಗಿಗೆ ಒಬ್ಬರೇ

ನಮ್ಮ ದೇಶದ ಆರೋಗ್ಯ ವ್ಯವಸ್ಥೆಯನ್ನು ಸರಿಪಡಿಸುವುದು ಹೇಗೆಂದು ಗೊತ್ತಿಲ್ಲದ ಮನುಷ್ಯನನ್ನು ನಾನು ಇದುವರೆಗೆ ನೋಡಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವವರು ಡಾಕ್ಟರುಗಳು ಮಾತ್ರ. ನನಗೆ ಕ್ಷೌರ ಮಾಡುವಾತನ ಪ್ರಕಾರ, ಮಂತ್ರಿಗಳು ಹೆರಿಗೆಯಿಂದ ಹಿಡಿದು ಹಲ್ಲು ಕೀಳಿಸುವವರೆಗೆ ಮನೆಮಂದಿಯನ್ನೆಲ್ಲ ಸರ್ಕಾರಿ ಆಸ್ಪತ್ರೆಗೇ ಕರೆತರಬೇಕೆಂದು ಕಾನೂನು ಮಾಡಿಬಿಟ್ಟರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಕತ್ತಿ ನನ್ನ ಗಂಟಲ ಹತ್ತಿರ ಇರುವಾಗಲೇ ಆತ ಈ ಮಾತು ತೆಗೆಯುವುದರಿಂದ ನಾನು ಎಂದೂ ವಿರೋಧಿಸಿಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟ್ರು, ಡಾಕ್ಟರ್ ಓದು ಮುಗಿಸಿದವರನ್ನೆಲ್ಲ ಹತ್ತು ವರ್ಷ ಹಳ್ಳಿಗೆ ಹಾಕಬೇಕು ಅನ್ನುತ್ತಿದ್ದರು. ಅವರ ಮಗಳಿಗೇ ಮೆಡಿಕಲ್ ಸೀಟು ಸಿಕ್ಕ ಮೇಲೆ ಅದನ್ನು ಆರು ತಿಂಗಳಿಗೆ ಇಳಿಸಿದ್ದಾರೆ. ಪಕ್ಕದ ಮನೆಯ ನಿವೃತ್ತ ಎಂಜಿನಿಯರರು, ಕಾಯಿಲೆ ವಾಸಿಯಾದರೆ ಮಾತ್ರ ಡಾಕ್ಟರಿಗೆ ಫೀಸು ಕೊಡಬೇಕು ಎಂಬ ಪಕ್ಷದವರು. ತಾವು ಕಟ್ಟಿಸಿದ ಸೇತುವೆಗಳಿಗೂ ಇದೇ ನಿಯಮವೇ ಸಾರ್ ಎಂದು ನಾನು ಕೇಳಿದ ಮೇಲೆ ನಮ್ಮಿಬ್ಬರ ನಡುವೆ ಬರೀ ನಮಸ್ಕಾರ ಉಳಿದಿದೆ. ಇವರೆಲ್ಲರ ಯೋಜನೆಗಳೂ ಗಾಳಿಯಲ್ಲೇ ಹೋದವು. ನನ್ನದು ಮಾತ್ರ ಜಾರಿಗೆ ಬಂತು. ಹೆಮ್ಮೆಯನ್ನು ಒಳಗೇ ಇಟ್ಟುಕೊಳ್ಳುವುದು ನನಗೆ ಬರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು. ದೇಶದ ವಿಚಾರದಲ್ಲಿ ಮೂಗು ತೂರಿಸುವುದು ನನಗೆ ಚಟವಲ್ಲ, ಸಿಲಬಸ್ಸು. ಶಾಲೆಗೆ ಹತ್ತಿರವಾಗಲಿ ಎಂದು ನಾನು ಮನೆ ಕಟ್ಟಿಸಿದೆ. ಕಟ್ಟಿಸಿ ಮುಗಿಯುವ ಹೊತ್ತಿಗೆ ಅದು ಆಸ್ಪತ್ರೆಗಳಿಗೆ ಇನ್ನೂ ಹತ್ತಿರ ಎಂಬುದನ್ನು ನಮ್ಮ ನೆಂಟರು ಪತ್ತೆಮಾಡಿದರು. ಅಂದಿನಿಂದ ಗುಬ್ಬಿಯಲ್ಲಿ ಯಾರಿಗಾದರೂ ಹೊಟ್ಟೆ ನೋಯಲಿ, ಕುಣಿಗಲ್ಲಿನಲ್ಲಿ ಎದೆ ಹಿಡಿಯಲಿ, ಊರ್ಡಿಗೆರೆಯಲ್ಲಿ ಸೊಂಟ ಉಳುಕಲಿ, ಮೊದಲ ಫೋನು ನಮಗೆ, ಎರಡನೆಯದು ಆಂಬುಲೆನ್ಸಿಗೆ. ನನ್ನ ಹೆಂಡತಿ ಸರೋಜ ಫೋನಿನಲ್ಲೇ ಅರ್ಧ ಡಾಕ್ಟರಾಗಿ, ಆಪರೇಷನ್ನಾದವರಿಗೆ ಗಂಜಿ, ಜ್ವರದವರಿಗೆ ತಿಳಿಸಾರು, ಬಾಣಂತಿಗೆ ಮೆಣಸಿನ ಸಾರು, ಜೊತೆಗೆ ಬಂದ ಗಟ್ಟಿ ಗಂಡಸರಿಗೆ ಮುದ್ದೆ ಬಸ್ಸಾರು ಎಂದು ನಿರ್ಧರಿಸಿ ಒಲೆ ಹಚ್ಚಿರುತ್ತಾಳೆ. ನಮ್ಮ ಮನೆಯ ಗಂಜಿ ಕುಡಿದವರು ಯಾರೂ ಎದ್ದು ಓಡಾಡದೆ ಉಳಿದದ್ದಿಲ್ಲ. ಈ ವಿಷಯದಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳೂ ನಮ್ಮ ಮುಂದೆ ಜಂಭ ಕೊಚ್ಚಿಕೊಳ್ಳುವ ಹಾಗಿಲ್ಲ. ಸರ್ಕಾರ ನ್ಯಾಯವಾಗಿ ನಮ್ಮ ಬಾಗಿಲಿಗೆ ಉಪ ಆರೋಗ್ಯ ಕೇಂದ್ರ ಎಂಬ ಬೋರ್ಡು ಹಾಕಿಸಬೇಕಿತ್ತು.

ರೋಗಿಗಳಿಂದ ನಮಗೆ ಯಾವ ತೊಂದರೆಯೂ ಇಲ್ಲ, ಪಾಪ, ಅವರು ಮಲಗಿರುತ್ತಾರೆ. ತೊಂದರೆಯೆಲ್ಲ ಅವರನ್ನು 'ನೋಡಿಕೊಂಡು ಹೋಗಲು' ಬರುವವರದು. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮೆಯಿದೆ, ಆಸ್ಪತ್ರೆಗೆ ಹೋಗಿ ನೋಡದಿದ್ದರೆ ಇಲ್ಲ. 'ನಾನ್ ಮಲಗಿದ್ದಾಗ ಬಂದು ಇಣುಕಿ ನೋಡ್ಲಿಲ್ಲ' ಎಂಬ ಒಂದು ಮಾತಿನ ಮೇಲೆ ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಹಾಗಾಗಿ ಬರುತ್ತಾರೆ. ಬ್ರೆಡ್ಡು, ಕಿತ್ತಳೆ ಹಣ್ಣು ಹಿಡಿದು ಬರುತ್ತಾರೆ. ತೋಟದವರು ಎಳನೀರಿನ ಗೊನೆಯನ್ನೇ ಹೊತ್ತು, ಕೆತ್ತಲು ಮಚ್ಚನ್ನೂ ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಹಾಸಿಗೆಯ ಸುತ್ತ ನಿಂತು, 'ಏನಾಯ್ತಂತೆ?' ಎಂದು ರೋಗಿಯನ್ನೇ ಕೇಳುತ್ತಾರೆ. ಆತ ಮೊದಲಿಂದ ಹೇಳಬೇಕು. ಹೇಳಿ ಮುಗಿಸಿದ ಕೂಡಲೇ ಒಬ್ಬರು, 'ನಮ್ಮೂರಲ್ಲೂ ಒಬ್ರಿಗೆ ಹಿಂಗೇ ಆಗಿತ್ತು. ಚೆನ್ನಾಗೇ ಇದ್ರು, ಕಾಫಿನೂ ಕುಡುದ್ರು, ಹೋಗೇಬುಟ್ರು' ಎಂದು ನಿಟ್ಟುಸಿರು ಬಿಟ್ಟು, 'ನಿನ್ಗೇನೂ ಆಗಲ್ಲ ಬುಡು' ಎಂದು ಧೈರ್ಯ ತುಂಬುತ್ತಾರೆ. ಕುಣಿಗಲ್ಲಿನ ನಮ್ಮ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆದಾಗ, ಅವರು ಬಂದ ಪ್ರತಿ ತಂಡಕ್ಕೂ ಕಥೆ ಹೇಳಿ ಹೇಳಿ ಕೊನೆಕೊನೆಗೆ ಡಾಕ್ಟರ ಪಾರ್ಟು, ನರ್ಸಿನ ಪಾರ್ಟು, ತಮ್ಮ ಪಾರ್ಟು ಎಲ್ಲವನ್ನೂ ಅಭಿನಯಿಸತೊಡಗಿದ್ದರು. ಅಕ್ಕಪಕ್ಕದ ಹಾಸಿಗೆಯವರೂ ಎದ್ದು ಕೂತು ನೋಡುತ್ತಿದ್ದರು. ನಕ್ಕು ನಕ್ಕು ಯಾರದೋ ಹೊಲಿಗೆ ಬಿಚ್ಚಿಕೊಂಡೀತೆಂದು ನರ್ಸಮ್ಮ ಬಂದು ಎಲ್ಲರಿಗೂ ಉಗಿದಳು. ಅಷ್ಟು ತಂಡಗಳಿಗೂ ನಮ್ಮ ಮನೆಯಲ್ಲೇ ಊಟ.

ಆ ವಾರದ ಪಾತ್ರೆಗಳನ್ನು ತೊಳೆದು ಬೋರಲು ಹಾಕುತ್ತಿದ್ದಾಗ ನನಗೆ ಆ ಯೋಜನೆ ಹೊಳೆಯಿತು. ಒಬ್ಬ ರೋಗಿಗೆ ಒಬ್ಬರೇ. ದೇಶದ ಯಾವ ಆಸ್ಪತ್ರೆಯಲ್ಲೇ ಆಗಲಿ ಒಬ್ಬ ರೋಗಿಯ ಜೊತೆ ಒಬ್ಬರಿಗಿಂತ ಹೆಚ್ಚು ಜನ ಬಿಡಕೂಡದು. ನೋಡಲು ಬರುವುದು ಪೂರ್ತಿ ನಿಷೇಧ. ಡಾಕ್ಟರಲ್ಲದವರು ರೋಗಿಗೆ ಸಲಹೆ ಕೊಟ್ಟರೆ ದಂಡ. ಸತ್ತವರ ಉದಾಹರಣೆ ಕೊಟ್ಟರೆ ಎರಡರಷ್ಟು ದಂಡ. ಜನ ಹೆಚ್ಚಾದರೆ ಇನ್‌ಫೆಕ್ಷನ್ ಆಗುತ್ತದೆ ಎಂಬ ವೈಜ್ಞಾನಿಕ ಕಾರಣವೂ ಇತ್ತು. ಸರೋಜಳಿಗೆ ಹೇಳಿದೆ. ಅವಳು, "ಒಳ್ಳೇದೇರೀ, ಆದ್ರೆ ನಿಮ್ಮ ಬಾಯಿಂದ ಬರೋದು ಬೇಡ" ಎಂದಳು. ಇಂಥ ಯೋಜನೆ ಬೇರೆ ಯಾರ ಬಾಯಿಂದ ಬರಬೇಕು, ನೀವೇ ಹೇಳಿ.

ಗುಬ್ಬಿಯಲ್ಲಿರುವ ನನ್ನ ಅಕ್ಕ ರತ್ನಮ್ಮನ ಮೊಮ್ಮಗಳಿಗೆ ನಾಮಕರಣವಿತ್ತು. ಊಟವಾಗಿ, ಎಲ್ಲರೂ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಎಲೆಯಡಿಕೆ ಹಾಕುತ್ತಿದ್ದಾಗ, ಮಾತು ಆಸ್ಪತ್ರೆಗಳ ಕಡೆಗೆ ತಿರುಗಿತು. ನಾನು ಎದ್ದು ನಿಂತು ನನ್ನ ಪ್ರಸ್ತಾಪವನ್ನು ಕಲಮುವಾರು ಮಂಡಿಸಿದೆ. ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಕುಣಿಗಲ್ ಚಿಕ್ಕಪ್ಪ ಬಾಯಲ್ಲಿದ್ದದ್ದನ್ನು ಉಗಿದು ಬಂದು, "ಏನ್ಲಾ ಮೇಷ್ಟ್ರೇ, ಮಲಗ್ದಾಗ ಒಬ್ರೇ ಬರ್ಬೇಕಾ? ಹಂಗಾರೆ ಸತ್ತಾಗ ಹೊರೋಕೂ ಒಬ್ರೇ ಸಾಕಾ?" ಎಂದು ಕೇಳಿದರು. ಮಾರ್ಕೋನಹಳ್ಳಿಯಿಂದ ಬಂದಿದ್ದ ಒಬ್ಬ ಅತ್ತೆ, ಪೇಟೆ ನೀರು ಕುಡಿದರೆ ಮನುಷ್ಯ ಹೀಗೇ ಆಗುವುದು ಎಂದರು. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮನೆಯ ಯಜಮಾನರಾದ್ದರಿಂದ ಯಾರ ಪಕ್ಷವನ್ನೂ ವಹಿಸದೆ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಹೇಳಿದರು. ವಿರೋಧ ನನಗೆ ಬೇಸರ ತರಲಿಲ್ಲ. ದೊಡ್ಡ ಸುಧಾರಣೆಗಳಿಗೆಲ್ಲ ಮೊದಲು ವಿರೋಧ ಬಂದೇ ಬಂದಿದೆ, ಅದನ್ನು ಪಾಠ ಹೇಳುವವನೇ ನಾನು. ಅಕ್ಕ ಒಬ್ಬಳೇ ಏನೂ ಹೇಳಲಿಲ್ಲ. ತಟ್ಟೆಯಲ್ಲಿ ಎಲೆ ಜೋಡಿಸುತ್ತಾ ನನ್ನ ಮುಖ ನೋಡಿ ಒಳಗೆ ಹೋದಳು. ಅವಳೊಬ್ಬಳಿಗೆ ನನ್ನ ಮಾತು ಅರ್ಥವಾಯಿತಲ್ಲ ಎಂದುಕೊಂಡು ಖುಷಿಯಿಂದಲೇ ಮನೆಗೆ ಬಂದೆ.

ಅರ್ಥವಾಗಿತ್ತು, ನಿಜ. ಎಷ್ಟರ ಮಟ್ಟಿಗೆ ಎಂಬುದು ಮುಂದಿನ ವಾರ ಭಾವ ಫೋನು ಮಾಡಿದಾಗ ಗೊತ್ತಾಯಿತು. ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ತುಮಕೂರಿನ ಡಾಕ್ಟರು ನಾಮಕರಣಕ್ಕೂ ಮುಂಚೆಯೇ ಹೇಳಿದ್ದರಂತೆ, ತಡಮಾಡಿದರೆ ಒಳಗೆ ಕೀವಾಗಿ ಜೀವಕ್ಕೇ ಕುತ್ತು ಬರಬಹುದು, ಬೇಗ ಆಪರೇಷನ್ ಮಾಡಿಸಿ ಎಂದು. ಮಗುವಿನ ಹೆಸರಿಡುವುದು ಮುಗಿಯಲಿ ಎಂದು ಅಕ್ಕ ಮುಚ್ಚಿಟ್ಟಿದ್ದಳು. ಈಗ ಆಪರೇಷನ್ನೇ ಬೇಡ ಎಂದು ಕೂತಿದ್ದಾಳೆ. "ಯಾಕಂತೆ ಭಾವ?" ಎಂದೆ. ಭಾವ, "ನಿಮ್ ಕಾನೂನಿಗೆ ತೊಂದ್ರೆ ಆಗುತ್ತಂತೆ ಮೇಷ್ಟ್ರೇ. ನಾನ್ ಮಲಗುದ್ರೆ ಜನ ಬರ್ತಾರೆ, ಜನ ಬಂದ್ರೆ ನನ್ ತಮ್ಮಂಗೆ ಹಿಂಸೆ ಆಗುತ್ತೆ ಅಂತಾಳೆ. ರಾತ್ರಿಯೆಲ್ಲಾ ಹೊಟ್ಟೆ ಹಿಡ್ಕೊಂಡು ಒದ್ದಾಡ್ತಾಳೆ, ಜೀರಿಗೆ ಕಷಾಯ ಕುಡೀತಾಳೆ. ಏನ್ ಮಾಡೋದ್ ಹೇಳಿ" ಎಂದರು. ಸರೋಜ ಸ್ಕೂಟರಿನ ಕೀ ತಂದು ನನ್ನ ಕೈಗಿಟ್ಟಳು.

ಗುಬ್ಬಿಗೆ ಹೋದಾಗ ಅಕ್ಕ ಹಜಾರದಲ್ಲಿ ಗೋಡೆಗೊರಗಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಮುಖ ಬಾಡಿತ್ತು, ಬಾಯಿ ಬಾಡಿರಲಿಲ್ಲ. "ಬಾರಪ್ಪ, ಒಬ್ನೇ ಬಂದಿದೀಯ ತಾನೆ? ರೋಗಿ ನೋಡೋಕೆ ಒಬ್ರೇ ಬರ್ಬೇಕು" ಎಂದಳು. ನಾನು ತಮಾಷೆ ಸಾಕು, ನಾಳೆಯೇ ಹೊರಡು ಎಂದೆ. "ತಮಾಷೆ ಏನ್ ಬಂತು? ನೀನ್ ಹೇಳಿದ್ದು ಸರೀನೇ ಕಣೋ. ದೇಶಕ್ಕೆ ಒಳ್ಳೇದು. ಒಂದು ಕಲ್ಲಿಗೋಸ್ಕರ ನಾನ್ಯಾಕ್ ದೇಶಕ್ಕೆ ಅಡ್ಡ ಬರ್ಲಿ?" ಎಂದಳು. ಗದರಿಸಿದೆ, ಡಾಕ್ಟರು ಹೇಳಿದ್ದನ್ನು ವಿವರಿಸಿದೆ, ಕೊನೆಗೆ ಕಣ್ಣಲ್ಲಿ ನೀರೇ ಬಂತು. ಆಗ ಅಕ್ಕ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿ ಹೇಳಿದಳು. "ನೋಡ್ಲಾ, ನಿನ್ಗೆ ಗೊತ್ತಾಗಲ್ಲ. ನೀನ್ ಮೇಷ್ಟ್ರು, ಎಲ್ಲೋದ್ರೂ ಸಾರ್ ಅಂತಾರೆ. ನನ್ನ ಆ ಹಸುರು ಬಟ್ಟೆ ಹಾಕಿ ಮಲಗಿಸಿ ತಳ್ಕೊಂಡು ಹೋದ್ರೆ ನಾನ್ ಯಾರು ಅಂತ ಆ ಡಾಕ್ಟ್ರಿಗೆ ಏನ್ ಗೊತ್ತು? ಹೊರ್ಗಡೆ ನಮ್ಮೋರೆಲ್ಲ ನಿಂತಿದ್ರೆ, ಓಹೋ, ಇವ್ಳು ಬೇಕಾದೋಳು, ಹುಷಾರಾಗಿ ಕುಯ್ಬೇಕು ಅಂತ ಅವ್ರಿಗೂ ಅನ್ಸುತ್ತೆ. ನನ್ಗೂ ಧೈರ್ಯ. ಯಾರೂ ಇಲ್ದೆ ನಾನ್ ಒಳ್ಗೆ ಹೋಗಕ್ಕಿಲ್ಲ, ಅಷ್ಟೇ." ಅವಳಿಗೆ ಹೆದರಿಕೆಯಾಗಿತ್ತು. ಆ ಗಟ್ಟಿಗಿತ್ತಿಗೂ ಹೆದರಿಕೆಯಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಎಲ್ಲರನ್ನೂ ಕರೆಸುತ್ತೇನೆ ಬಾ ಎಂದೆ. "ನೀನೇ ಕರೀಬೇಕು, ನಿನ್ ಬಾಯಲ್ಲೇ" ಎಂದಳು ಅಕ್ಕ.

ಹೀಗೆ, ನೋಡಲು ಬರುವವರನ್ನು ದೇಶದಾದ್ಯಂತ ನಿಷೇಧಿಸಬೇಕೆಂದಿದ್ದ ನಾನು, ಮದುವೆಗೆ ಕರೆಯುವ ಹಾಗೆ ಮನೆಮನೆಗೆ ಫೋನು ಮಾಡಿ, 'ಬುಧವಾರ ಬೆಳಿಗ್ಗೆ ಅಕ್ಕನ ಆಪರೇಷನ್ ಇದೆ, ತಾವು ಮನೆಮಂದಿಯೆಲ್ಲ ಬಂದು ನಡೆಸಿಕೊಡಬೇಕು' ಎಂದು ಆಹ್ವಾನಿಸಿದೆ. ಅವಕಾಶ ಸಿಕ್ಕರೆ ನೆಂಟರು ಬಿಡುತ್ತಾರೆಯೇ? ಊರ್ಡಿಗೆರೆಯವರು, ದಂಡ ಎಷ್ಟು ತರಬೇಕು ಎಂದು ವಿಚಾರಿಸಿದರು. ಮಾರ್ಕೋನಹಳ್ಳಿ ಅತ್ತೆ, ಕಿತ್ತಳೆ ಹಣ್ಣಿಗೆ ನಿಮ್ಮ ಕಾನೂನಿನಲ್ಲಿ ಜಾಗವಿದೆಯೇ ಎಂದು ಕೇಳಿದರು. ಕುಣಿಗಲ್ ಚಿಕ್ಕಪ್ಪನಿಗೆ ಮಾಡಿದರೆ, "ಇಲ್ಲ ಬುಡಪ್ಪ, ನಾವು ಕಾನೂನು ಮುರಿಯೋ ಜನ ಅಲ್ಲ. ನಾವ್ ಬಂದು ದೇಶ ಹಾಳಾಗೋದ್ ಬ್ಯಾಡ" ಎಂದು ಫೋನಿಟ್ಟೇಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಚಿಕ್ಕಪ್ಪ ಬರದಿದ್ದರೆ ಕುಣಿಗಲ್ ಕಡೆಯವರು ಒಬ್ಬರೂ ಬರುವುದಿಲ್ಲ. ಅಕ್ಕನಿಗೆ ಮಾತ್ರ ಎಲ್ಲರೂ ಬರುತ್ತಾರಂತೆ ಎಂದು ಹೇಳಿ, ಮಂಗಳವಾರ ಕರೆತಂದು ಅಡ್ಮಿಟ್ ಮಾಡಿಸಿದೆವು. ಹೆಂಗಸರ ವಾರ್ಡಾದ್ದರಿಂದ ಸರೋಜ ಜೊತೆಗೆ ಉಳಿದಳು.

ಬುಧವಾರ ಬೆಳಿಗ್ಗೆ ನಾನೂ ಭಾವನೂ ಆಸ್ಪತ್ರೆಗೆ ಹೋದರೆ, ಬಾಗಿಲಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಾಕಿದ. "ಒಂದ್ ಪೇಷಂಟ್‌ಗೆ ಒಬ್ರೇ ಸಾರ್. ಹೊಸ ರೂಲ್ಸು, ಇವತ್ತಿಂದ" ಎಂದ. ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಬಂದದ್ದು ಹೆಮ್ಮೆಯೇ. ನಾನು ಗುಬ್ಬಿಯ ಶಾಮಿಯಾನದ ಕೆಳಗೆ ಆಡಿದ ಮಾತು, ಅಕ್ಷರ ಕೂಡ ಬದಲಾಗದೆ, ಖಾಕಿ ಬಟ್ಟೆ ಹಾಕಿಕೊಂಡು ನನ್ನೆದುರು ನಿಂತಿತ್ತು! ಅದರ ಹಿಂದೆಯೇ ಸರೋಜಳ ಫೋನು ಬಂತು. "ರೀ, ಇನ್ನೇನು ಕರ್ಕೊಂಡು ಹೋಗ್ತಾರೆ. ಯಾರ್ಯಾರು ಬಂದವ್ರೆ ಅಂತ ಅತ್ತಿಗೆ ಕೇಳ್ತಾನೇ ಇದಾರೆ. ಯಾರೂ ಇಲ್ಲ ಅಂದ್ರೆ ಇಳಿದು ಮನೆಗೆ ಹೋಗ್ತೀನಿ ಅಂತ ಮಂಚದಿಂದ ಕಾಲು ಕೆಳಗೆ ಬಿಟ್ಟವ್ರೆ. ಏನ್ ಹೇಳ್ಲಿ?" ನಾನು ಸುತ್ತ ನೋಡಿದೆ. ನಾನಿದ್ದೆ, ಭಾವ ಇದ್ದರು, ಬಾಗಿಲಲ್ಲಿ ಅವನಿದ್ದ. ರಸ್ತೆಯ ಉದ್ದಕ್ಕೂ ನಮ್ಮವರು ಅನ್ನುವವರು ಒಬ್ಬರೂ ಇರಲಿಲ್ಲ. ಎಲ್ಲರೂ ಬಂದಿದ್ದಾರೆಂದು ಸುಳ್ಳು ಹೇಳೇ ಎಂದೆ, ನೀವೇ ಹೇಳಿ ಎಂದಳು. ನನ್ನ ಅಕ್ಕ ಒಳಗೆ ಹೆದರಿಕೊಂಡು ಕೂತಿದ್ದಾಳೆ, ಎಲ್ಲ ನನ್ನ ಹಾಳು ಬಾಯಿಂದ ಎಂದು ನನಗೆ ಅಳು ಬಂದುಬಿಟ್ಟಿತು.

ಅಷ್ಟರಲ್ಲಿ ಹಾರ್ನು ಹೊಡೆಯುತ್ತಾ ಒಂದು ಟೆಂಪೋ ಬಂದು ನಿಂತಿತು. ಮೊದಲು ಎಳನೀರಿನ ಗೊನೆ ಇಳಿಯಿತು, ಅದರ ಹಿಂದೆ ಕುಣಿಗಲ್ ಚಿಕ್ಕಪ್ಪ, ಅವರ ಹಿಂದೆ ಮಾರ್ಕೋನಹಳ್ಳಿ ಅತ್ತೆ, ಆಮೇಲೆ ಕುಣಿಗಲ್ ಸೀಮೆಯೇ ಇಳಿಯಿತು. ಹೆಬ್ಬೂರಿನಲ್ಲಿ ತಿಂಡಿಗೆ ನಿಂತದ್ದರಿಂದ ತಡವಾಯಿತಂತೆ. ಆ ಕಡೆಯಿಂದ ಊರ್ಡಿಗೆರೆಯವರೂ ಗುಬ್ಬಿಯವರೂ ಆಟೋಗಳಲ್ಲಿ ಬಂದರು. "ಬರಲ್ಲ ಅಂದಿದ್ರಲ್ಲ ಚಿಕ್ಕಪ್ಪ" ಎಂದೆ. "ನಿನ್ಗೆ ಅಂದಿದ್ದು ಕಣ್ಲಾ ಅದು. ನಮ್ ರತ್ನಿಗೆ ಅಂದಿದ್ನಾ?" ಎಂದರು. ಬಾಗಿಲಲ್ಲಿ ಹೊಸ ನಿಯಮ ಕೇಳಿದ ಮೇಲೆ ಅವರು ಸೆಕ್ಯೂರಿಟಿಯವನನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು. "ಅಯ್ಯೋ ನಿನ್ನ, ಮಾಡಿಸೇಬುಟ್ಯಲ್ಲೋ!" ಎಂದರು. ನಾನು ಮಾಡಿಸಿದ್ದಲ್ಲ ಎಂದರೆ ಒಬ್ಬರೂ ನಂಬಲಿಲ್ಲ. ಆ ಗುಂಪಿನಲ್ಲಿ ಒಂದಿಬ್ಬರ ಕಣ್ಣಲ್ಲಿ ನನ್ನ ಬಗ್ಗೆ ಗೌರವ ಹುಟ್ಟಿದ್ದೂ ಸುಳ್ಳಲ್ಲ, ಆದ್ದರಿಂದ ನಾನೂ ಹೆಚ್ಚು ವಾದಿಸಲಿಲ್ಲ.

ವಾದವೆಲ್ಲ ಸೆಕ್ಯೂರಿಟಿಯವನ ಜೊತೆ ಮಾಡಬೇಕಾಯಿತು. ರೋಗಿಗೆ ಔಷಧಕ್ಕಿಂತ ಧೈರ್ಯ ಮುಖ್ಯ, ನಮ್ಮ ಸಮಾಜದ ಶಕ್ತಿಯೇ ಬಂಧುಬಳಗ, ಕುರುಡು ನಿಯಮಗಳಿಂದ ಯಾವ ದೇಶವೂ ಉದ್ಧಾರವಾಗಿಲ್ಲ ಎಂದು ನಾನು ಮನಸ್ಸು ಬಿಚ್ಚಿ ಮಾತಾಡಿದೆ. ಇಷ್ಟು ಚೆನ್ನಾಗಿ ನಾನು ಪ್ರಸ್ತಾಪದ ಪರವಾಗಿಯೂ ಮಾತಾಡಿರಲಿಲ್ಲ. ಆತ ಪೂರ್ತಿ ಕೇಳಿ, "ಜನ ಜಾಸ್ತಿ ಆದ್ರೆ ಇನ್‌ಫೆಕ್ಷನ್ ಆಗುತ್ತೆ ಸಾರ್" ಎಂದ. ನನ್ನ ಬತ್ತಳಿಕೆಯ ಮುಖ್ಯ ಬಾಣವೇ ಅದು. ಅದಕ್ಕೆ ಉತ್ತರವಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಮುಖ ನೋಡಿ ಆತನಿಗೇ ಅಯ್ಯೋ ಅನ್ನಿಸಿರಬೇಕು. "ಬಿಲ್ಡಿಂಗ್ ಒಳ್ಗೆ ಬಿಡಂಗಿಲ್ಲ ಸಾರ್. ಆ ಪಕ್ಕದಾಗೆ ಒಂದು ಗ್ರಿಲ್ ಐತೆ, ಆಪರೇಷನ್‌ಗೆ ಅದೇ ವರಾಂಡದಾಗೆ ತಳ್ಕೊಂಡು ಹೋಗ್ತಾರೆ. ಹೊರ್ಗೆ ಅಂಗಳದಾಗೆ ನಿಂತ್ಕೊಬ್ಯಾಡಿ ಅಂತ ರೂಲ್ಸ್ ಏನಿಲ್ಲ. ಆದ್ರೆ ಆ ಮಚ್ಚು ಮಾತ್ರ ಇಲ್ಲಿ ಕೊಟ್ಟೋಗಿ" ಎಂದ.

ಎಲ್ಲರೂ ಬಂದಿದ್ದಾರೆ, ಗ್ರಿಲ್ಲಿನ ಕಡೆ ನೋಡಲಿ ಎಂದು ಸರೋಜಳಿಗೆ ಫೋನಿನಲ್ಲಿ ಕೂಗುತ್ತಾ ನಾನು, ನನ್ನ ಹಿಂದೆ ಉಳಿದವರು, ಎಲ್ಲರೂ ಓಡಿದೆವು. ಸೀರೆ ಎತ್ತಿಕಟ್ಟಿ ಅತ್ತೆಯೂ ಓಡಿದರು. ಗ್ರಿಲ್ಲಿನ ಉದ್ದಕ್ಕೂ ನಾವು ಸಾಲಾಗಿ ನಿಲ್ಲುವುದಕ್ಕೂ, ಒಳಗಡೆ ಟ್ರಾಲಿ ಬರುವುದಕ್ಕೂ ಸರಿಹೋಯಿತು. ಹಸಿರು ಬಟ್ಟೆ, ತಲೆಗೆ ಟೋಪಿ. ನಮಗೆ ಅಕ್ಕನ ಗುರುತೇ ಸಿಗಲಿಲ್ಲ. ಅವಳಿಗೆ ನಮ್ಮದು ಸಿಕ್ಕಿತು. ಟ್ರಾಲಿಯ ಮೇಲೆ ಕತ್ತೆತ್ತಿ ಈ ಕೊನೆಯಿಂದ ಆ ಕೊನೆಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಭಾವ ಕಣ್ಣೊರೆಸಿಕೊಳ್ಳುತ್ತಾ ಕೈ ಎತ್ತಿದರು. ಡಾಕ್ಟರು ಆಪರೇಷನ್ ಥಿಯೇಟರಿನ ಬಾಗಿಲಿಂದ ಹೊರಗೆ ಬಂದು, ಇದೇನು ಜಾತ್ರೆ ಎಂದು ಗಾಬರಿಯಾಗಿ ನಿಂತರು. "ಏನಿಲ್ಲ ಡಾಕ್ಟ್ರೇ, ಎಲ್ಲಾ ನಮ್ಮೋರೇ" ಎಂದು ಅಕ್ಕ ರಾಣಿಯ ಹಾಗೆ ಹೇಳಿದಳು. ಆಮೇಲೆ ನಮ್ಮ ಕಡೆ ತಿರುಗಿ, ಆ ವರಾಂಡವೆಲ್ಲ ಕೇಳುವ ಹಾಗೆ, "ಯಾರೂ ಹಂಗೇ ಹೋಗ್ಬ್ಯಾಡಿ, ತಮ್ಮನ ಮನೇಲಿ ಊಟ ಮಾಡ್ಕೊಂಡೇ ಹೋಗ್ಬೇಕು!" ಎಂದು ಕೂಗಿದಳು. ಟ್ರಾಲಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಇಂಥವಳ ತಮ್ಮನಾಗಿ ಹುಟ್ಟಿದ್ದಕ್ಕೆ ನನಗಾದ ಹೆಮ್ಮೆಯನ್ನು ಬರೆದು ತೋರಿಸಲು ಆಗುವುದಿಲ್ಲ. ಡಾಕ್ಟರು ಮತ್ತೆ ಗ್ರಿಲ್ಲಿನ ಬಳಿ ಬಂದು, ಎಲ್ಲ ಸಲೀಸಾಗಿ ಆಯಿತು, ಕಲ್ಲು ತೆಗೆದೆವು ಎನ್ನುವವರೆಗೆ ಒಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಆಮೇಲೆ ಎಲ್ಲರೂ ನಮ್ಮ ಮನೆಗೆ ಹೋದರು; ಅಡುಗೆಗೆ ಅತ್ತೆಯೇ ನಿಂತರು, ಪಾತ್ರೆಗೆ ನಾನು ನಿಂತೆ.

ಮಾರನೆಯ ದಿನ ಗಂಜಿಯ ಫ್ಲಾಸ್ಕನ್ನು ಮುಂದೆ ಹಿಡಿದು, ಒಂದು ನಿಮಿಷ ಎಂದು ಬೇಡಿಕೊಂಡು ಹೇಗೋ ವಾರ್ಡಿನೊಳಗೆ ಹೋದೆ. ಪಕ್ಕದ ಸ್ಟೂಲಿನ ಮೇಲೆ ಸರೋಜ ಇದ್ದಳು. ಅಕ್ಕ ದಿಂಬಿಗೊರಗಿ ಕೂತಿದ್ದಳು, ಮುಖಕ್ಕೆ ಕಳೆ ಬಂದಿತ್ತು. ಯಾರ್ಯಾರು ಬಂದಿದ್ದರು, ಯಾರ್ಯಾರು ಉಂಡರು ಎಂದು ನನ್ನಿಂದ ಒಪ್ಪಿಸಿಕೊಳ್ಳುತ್ತಾ, ಅಕ್ಕಪಕ್ಕದ ಹಾಸಿಗೆಯವರಿಗೂ ಕೇಳಲಿ ಎಂದು ಪ್ರತಿ ಹೆಸರನ್ನೂ ತಾನೊಮ್ಮೆ ಗಟ್ಟಿಯಾಗಿ ಹೇಳುತ್ತಿದ್ದಳು. ಅಷ್ಟರಲ್ಲಿ ನರ್ಸಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು, "ಯಾರ್ರೀ ಇದು ಇಬ್ಬಿಬ್ರು? ಒಂದು ಪೇಷಂಟ್‌ಗೆ ಒಬ್ರೇ ಅಂತ ಗೊತ್ತಿಲ್ವಾ? ನಡೀರಿ ಆಚೆಗೆ" ಎಂದು ನನ್ನ ಮೇಲೆ ರೇಗಿದಳು. ನಾನು ಫ್ಲಾಸ್ಕಿಟ್ಟು ಎದ್ದೆ.

ಅಕ್ಕ ನರ್ಸಮ್ಮನ ಕೈ ಹಿಡಿದುಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದಳು: "ಅವ್ನ ಬೈಬ್ಯಾಡಿ ಸಿಸ್ಟರ್. ಈ ಕಾನೂನು ಮಾಡ್ಸಿದ್ದೇ ನಮ್ ತಮ್ಮ."

ಹತ್ತು ಹಾಸಿಗೆಯ ಹೆಂಗಸರು ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಯಾರ ಕಣ್ಣಲ್ಲೂ ಒಳ್ಳೆಯ ಮಾತಿರಲಿಲ್ಲ. ನಾನು ಎದೆಯುಬ್ಬಿಸಿಕೊಂಡೇ, ಆದರೆ ಸ್ವಲ್ಪ ಬೇಗ ಬೇಗ, ಹೊರಗೆ ನಡೆದೆ.